ಮಾಡುವವರು, ಆಡುವವರು

ಚೌಕಾಬಾರದ ಮನೆ ಗೀಚದ ಹಜಾರ ನಮ್ಮ ಕಡೆ ಅಪರೂಪ. ಹಾಸನ ಸೀಮೆಯ ನಮ್ಮ ಊರಿನಲ್ಲಂತೂ ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಕವಡೆ ಉರುಳುವ ಸದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಕೇಳಿಸುತ್ತಿತ್ತು. ಆಟ ಒಂದೇ, ಕಾನೂನು ಮಾತ್ರ ಮನೆಗೊಂದು. ಒಬ್ಬರ ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಇನ್ನೊಬ್ಬರ ಮನೆಯಲ್ಲಿ ಅಂಥ ಕಟ್ಟು ಏನೂ ಇಲ್ಲ. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿಯಾಯಿತೆಂದು ನಮ್ಮ ಅಜ್ಜಿ ಹೇಳಿದರೆ ಪಕ್ಕದ ಬೀದಿಯವರು ಅದನ್ನು ಒಪ್ಪುತ್ತಿರಲಿಲ್ಲ. ಈ ತಿದ್ದುಪಡಿಗಳನ್ನು ಮೊದಲು ಮಾಡಿದ ಪುಣ್ಯಾತ್ಮರು ಯಾರೋ! ಅದಕ್ಕಾಗಿ ಅವರು ಯಾರಿಂದಲೂ ಕಾಸು ಕೇಳಲಿಲ್ಲ. ಕೊಡಬೇಕೆಂದು ಯಾರಿಗೂ ತೋಚಲೂ ಇಲ್ಲ. ಆಟ ರುಚಿಯಾಯಿತು, ಅಷ್ಟೇ ಲೆಕ್ಕ.

ಈಗಿನ ಮಕ್ಕಳ ಆಟಗಳು ಕಂಪ್ಯೂಟರಿನ ಒಳಗೆ ಹೋಗಿ ಕುಳಿತಿವೆ. ಆದರೆ ಆಟವನ್ನು ತಿದ್ದಿಕೊಂಡು ಆಡುವ ಮನುಷ್ಯ ಸ್ವಭಾವ ಅಲ್ಲಿಗೂ ಹೋಗಿದೆ. ಯಾವುದೋ ಕಂಪನಿ ಮಾರಿದ ಆಟವನ್ನು ಕೊಂಡು ಆಡಿದವನೊಬ್ಬ, ತನ್ನ ಬಿಡುವಿನ ವೇಳೆಯಲ್ಲಿ, ಅದಕ್ಕೆ ಹೊಸದೊಂದು ಬೆಳೆ, ಹೊಸದೊಂದು ಊರು, ಇಲ್ಲವೆ ಕಂಪನಿಯವರು ಬಿಟ್ಟುಹೋದ ತೂತಿಗೆ ಒಂದು ತೇಪೆ ಇವನ್ನು ಸೇರಿಸುತ್ತಾನೆ. ಸೇರಿಸಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಲೋಕದ ಮುಂದೆ ಇಡುತ್ತಾನೆ. ಇದಕ್ಕೆ ಇಂಗ್ಲಿಷಿನಲ್ಲಿ ಮಾಡ್ ಎಂದು ಹೆಸರು. ಮಾರ್ಪಾಡು ಎಂಬರ್ಥದ ಮಾಡಿಫಿಕೇಷನ್ ಎಂಬ ಪದದ ತುಂಡು ಅದು. ಇಂಗ್ಲಿಷ್ ಪದ ಕಂಡಲ್ಲೆಲ್ಲ ಬಾಲಕ್ಕೊಂದು ಉಕಾರ ಹಚ್ಚಿ ಬಸ್ಸು, ಫೈಲು, ಆಫೀಸು ಎಂದು ನಮ್ಮದಾಗಿಸಿಕೊಳ್ಳುವ ಪದ್ಧತಿಯಂತೆ ಇದಕ್ಕೂ ಹಚ್ಚಿದರೆ ‘ಮಾಡು’ ಎಂದಾಗುತ್ತದೆ. ನನ್ನ ಮನೆಯಾಕೆ ಅನೇಕ ದಿನ ಹಾಗೆಯೇ ತಿಳಿದಿದ್ದಳು. “ಇದೇನ್ರೀ, ಹುಡುಗ ಮೂರು ಹೊತ್ತೂ ಮಾಡು ಮಾಡು ಅಂತಿರ್ತಾನೆ, ಮಾಡೋದು ಮಾತ್ರ ಒಂದೂ ಕಾಣೆ!” ಎಂದು ನನ್ನಲ್ಲಿ ದೂರಿದ್ದೂ ಉಂಟು. ಅವಳ ನಿಘಂಟು ತಪ್ಪಿದ್ದರೂ ತಾತ್ಪರ್ಯದಲ್ಲಿ ಸತ್ಯವಿತ್ತೆಂದು ಈಚೆಗೆ ನನಗೆ ತೋರತೊಡಗಿದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಹವ್ಯಾಸವಲ್ಲ. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ‘ಡೂಮ್’ ಎಂಬ ಆಟವನ್ನು ಹೊರತಂದಾಗ, ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡೆಗೂ ಅದರ ನಕ್ಷೆ, ಚಿತ್ರ, ಶಬ್ದಗಳನ್ನು ಬೇರೊಂದು ಕಡತದಲ್ಲೂ ಇಟ್ಟಿತ್ತು. ಆಟಗಾರರು ತಮ್ಮದೇ ನಕ್ಷೆಗಳನ್ನು ಬರೆದು ಸೇರಿಸಿಕೊಳ್ಳಲು ಇದರಿಂದ ದಾರಿಯಾಯಿತು. 1998ರ ‘ಹಾಫ್-ಲೈಫ್’ ಎಂಬ ಆಟಕ್ಕೆ ಇಬ್ಬರು ಹವ್ಯಾಸಿಗಳು ಮರುವರ್ಷ ಕಟ್ಟಿದ ಮಾಡ್ ‘ಕೌಂಟರ್-ಸ್ಟ್ರೈಕ್’. ಅದು ಎಷ್ಟು ಜನಪ್ರಿಯವಾಯಿತೆಂದರೆ, ಮೂಲ ಆಟದ ಒಡೆಯರಾದ ವಾಲ್ವ್ ಸಂಸ್ಥೆಯವರು 2000ದಲ್ಲಿ ಅದನ್ನೇ ಕೊಂಡುಕೊಂಡು ಆ ಇಬ್ಬರಿಗೂ ಕೆಲಸ ಕೊಟ್ಟರು. ಅಂಥ ಅದೃಷ್ಟ ಲಕ್ಷಕ್ಕೊಬ್ಬರದು. ಉಳಿದವರು ಹಗಲು ತಮ್ಮ ತಮ್ಮ ಹೊಟ್ಟೆಪಾಡು ನೋಡಿಕೊಂಡು ರಾತ್ರಿ ಮಾಡ್ ಕಟ್ಟುವವರು. ನಮ್ಮ ಸಂಘದ ನಾಟಕ ಮಂಡಳಿಯವರ ಹಾಗೆ.

ಈ ಲೋಕದ ಬಾಗಿಲು ನನಗೆ ತೆರೆದದ್ದು ಮಿತವ್ಯಯದ ಕಾರಣದಿಂದ. ದೆಹಲಿಯ ರಾಮಕೃಷ್ಣಪುರದ ಸರ್ಕಾರಿ ವಸತಿಯಲ್ಲಿ ನಮ್ಮ ವಾಸ. ನಮ್ಮ ಲ್ಯಾಪ್‌ಟಾಪು ಸೇವಾಹಿರಿತನದಲ್ಲಿ ನನ್ನನ್ನು ಮೀರಿಸದಿದ್ದರೂ ದಣಿವಿನಲ್ಲಿ ಮೀರಿಸಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸಾಧನವೂ ಈಚಿನ ಪೀಳಿಗೆಯ ಪ್ರೊಸೆಸರೂ ಇರಬೇಕೆಂದು ಕಟ್ಟಳೆ. ನಮ್ಮದರಲ್ಲಿ ಎರಡೂ ಇಲ್ಲ. ಹೊಸದನ್ನು ಕೊಳ್ಳೋಣವೆಂದರೆ ಮಗನ ಶಾಲೆಯ ಫೀಜು ಎದುರಿಗೆ ನಿಂತಿತ್ತು. ಆ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಭಾವಮೈದ, “ಭಾವ, ಇದನ್ನ ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಕೊಡ್ತೀನಿ, ಇನ್ನೂ ನಾಲ್ಕು ವರ್ಷ ಓಡುತ್ತೆ” ಎಂದು ಹೇಳಿ, ಕಜ್ಜಾಯ ತಿಂದು ಕೈತೊಳೆಯುವುದರೊಳಗಾಗಿ ಲಿನಕ್ಸ್ ಮಿಂಟ್ ಎಂಬುದನ್ನು ಅದರೊಳಗೆ ಕೂರಿಸಿಬಿಟ್ಟ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಗೆ ಲೈಸೆನ್ಸಿನ ಹಣ ಕೊಡಬೇಕಾದ್ದಿಲ್ಲ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಲ್ಯಾಪ್‌ಟಾಪಿಗೆ ಮರುಜೀವ ಬಂದಿತು.

ನನ್ನ ಮಗನಿಗೆ ಹನ್ನೊಂದು ವರ್ಷ. ಅವನು ಆಡುವ ಆಟ ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಮಿಕ್ಕು ಒಬ್ಬನೇ ಕುಳಿತು ಚಿತ್ರ, ಸಂಗೀತ, ಕಥೆ, ಲೆಕ್ಕ ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರವರಿಯಲ್ಲಿ ಹೊರತಂದ ಆಟವಿದು. ಇದರಲ್ಲಿ ಗುಂಡು ಹಾರಿಸುವುದಕ್ಕಿಂತ ಗುದ್ದಲಿ ಹಿಡಿಯುವುದೇ ಹೆಚ್ಚು. ದೊಡ್ಡ ಕಂಪನಿಯೊಂದರ ಮೇಜಿನ ಮುಂದೆ ಬೇಸತ್ತು ಕುಳಿತ ಗುಮಾಸ್ತನಿಗೆ ತಾತ ಬಿಟ್ಟುಹೋದ ಪತ್ರ ನೆನಪಾಗುತ್ತದೆ. ಅವನು ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ, ಪಾಳುಬಿದ್ದ ತಾತನ ಹೊಲವನ್ನು ಹಸನು ಮಾಡುತ್ತಾನೆ. ಇದನ್ನು ಮೊದಲ ಸಲ ಮಗ ತೋರಿಸಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ತಾತನ ಹೊಲ ಬಿಟ್ಟು ಪಟ್ಟಣದ ಮೇಜಿಗೆ ಬಂದವರು ನಾವು. ನಮ್ಮ ಮಕ್ಕಳು ಪರದೆಯ ಮೇಲೆ ಹಿಂದಕ್ಕೆ ಹೋಗುತ್ತಿದ್ದಾರೆ!

ಈ ಆಟ ಲಿನಕ್ಸಿನಲ್ಲಿ ನೇರವಾಗಿಯೇ ನಡೆಯುತ್ತದೆ. ಇದಕ್ಕೆ ಸಾವಿರಾರು ಮಾಡ್‌ಗಳಿವೆ. ಇವುಗಳನ್ನು ಒಪ್ಪಓರಣವಾಗಿ ಇಡಲು ‘ಮಾಡ್ ಮ್ಯಾನೇಜರು’ ಎಂಬ ತಂತ್ರಾಂಶಗಳು ಉಂಟು. ಮ್ಯಾನೇಜರು ಎಂದ ಕೂಡಲೆ ಕೋಟು ತೊಟ್ಟ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಡಿ; ಅದು ಮಾಡುವುದು ಅಪ್ಪಟ ನನ್ನ ಕೆಲಸವನ್ನೇ, ಎಂದರೆ ದಾಖಲೆ ಗುಮಾಸ್ತನ ಕೆಲಸವನ್ನು. ಯಾವ ಕಡತ ಬಂದಿತು, ಯಾವ ಆವೃತ್ತಿ, ಅದು ನಡೆಯಬೇಕಾದರೆ ಜೊತೆಗೆ ಇನ್ನಾವ ಕಡತ ಬೇಕು, ಬೇಡವಾದಾಗ ತೆಗೆದರೆ ಮೂಲಕ್ಕೆ ಧಕ್ಕೆಯಾಗದಂತೆ ಹೇಗೆ ತೆಗೆಯಬೇಕು, ಇದೇ ಅದರ ಚಿಂತೆ. ಎರಡು ಮಾಡ್‌ಗಳು ಒಂದೇ ಚಿತ್ರವನ್ನು ಎರಡು ವಿಧವಾಗಿ ಬದಲಿಸಿದರೆ ಯಾವುದು ನಿಲ್ಲಬೇಕು? ಕಡತದ ಟಿಪ್ಪಣಿ ಹಾಳೆಯಲ್ಲಿ ಕೊನೆಗೆ ಬಿದ್ದ ಷರಾ ಊರ್ಜಿತವಾಗುವಂತೆ ಸಾಮಾನ್ಯವಾಗಿ ಸಾಲಿನಲ್ಲಿ ಕೊನೆಗೆ ಬಂದ ಮಾಡ್ ಗೆಲ್ಲುತ್ತದೆ. ಆದ್ದರಿಂದ ಸಾಲಿನ ಕ್ರಮವನ್ನು ಕಾಯುವುದೇ ಒಂದು ವಿದ್ಯೆ.

ಸ್ಟಾರ್‌ಡ್ಯೂ ಆಟದ ಮಾಡ್‌ಗಳಿಗೆ ಆಧಾರ ‘ಸ್ಮ್ಯಾಪಿ’ ಎಂಬ ತಂತ್ರಾಂಶ. ಹವ್ಯಾಸಿ ಪ್ರೋಗ್ರಾಮರೊಬ್ಬರು ಅನೇಕ ವರ್ಷಗಳಿಂದ ನೋಡಿಕೊಂಡು ಬಂದಿರುವ, ಮೂಲಬರಹ ತೆರೆದಿಟ್ಟ ಕೃತಿಯಿದು. ಮೂಲ ಆಟದ ಕಡತಗಳನ್ನು ಅದು ಮುಟ್ಟುವುದಿಲ್ಲ. ಆಟ ಏಳುವ ಹೊತ್ತಿಗೆ ಪಕ್ಕದಲ್ಲಿ ನಿಂತು ಮಾಡ್‌ಗಳನ್ನು ಒಂದೊಂದಾಗಿ ಒಳಗೆ ಬಿಡುತ್ತದೆ. ಲಿನಕ್ಸಿನವರಿಗೆ ಬೇಕಾದ ಸ್ಥಾಪಕವೂ ಅದರ ಜೊತೆಯಲ್ಲೇ ಬರುತ್ತದೆ. ಅದರ ಮೇಲೆ ಮ್ಯಾನೇಜರಾಗಿ ‘ಸ್ಟಾರ್‌ಡ್ರಾಪ್’ ಎಂಬುದನ್ನು ನನ್ನ ಭಾವಮೈದ ಹಾಕಿಕೊಟ್ಟ. ಅದೂ ಹಾಗೆಯೇ ಧರ್ಮಾರ್ಥವಾಗಿ ಬಂದದ್ದು, ಲಿನಕ್ಸಿನಲ್ಲಿ ನೇರವಾಗಿ ನಡೆಯುವಂಥದು.

ಎಲ್ಲ ಆಟಗಳೂ ಇಷ್ಟು ಸಾಧುವಲ್ಲ. ನಮ್ಮ ಮೇಲಿನ ಮನೆಯ ತೆಲುಗು ಹುಡುಗ ಕಾಲೇಜು ಓದುವವನು, ‘ಸ್ಕೈರಿಮ್’ ಎಂಬ 2011ರ ಆಟದ ಭಕ್ತ. ಅದು ವಿಂಡೋಸಿಗಾಗಿ ಹುಟ್ಟಿದ ಆಟ. ಲಿನಕ್ಸಿನಲ್ಲಿ ಅದನ್ನು ಆಡಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. 1993ರಿಂದ ಬೆಳೆದುಬಂದ ‘ವೈನ್’ ಎಂಬುದು ಆ ದುಭಾಷಿ. ಅದರ ಆಧಾರದ ಮೇಲೆ ವಾಲ್ವ್ ಸಂಸ್ಥೆಯವರು 2018ರ ಆಗಸ್ಟಿನಲ್ಲಿ ‘ಪ್ರೋಟಾನ್’ ಎಂಬುದನ್ನು ಹೊರತಂದ ಮೇಲೆ ಲಿನಕ್ಸಿನವರ ಬವಣೆ ಎಷ್ಟೋ ಕಡಿಮೆಯಾಯಿತು. 2022ರಲ್ಲಿ ಅವರೇ ಮಾರತೊಡಗಿದ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರವೂ ಲಿನಕ್ಸಿನ ಮೇಲೆಯೇ ನಿಂತಿದೆ. ಆದರೆ ಆಟ ದುಭಾಷಿಯ ಮನೆಯಲ್ಲಿದ್ದರೆ ಮಾಡ್ ಮ್ಯಾನೇಜರೂ ಅಲ್ಲಿಗೇ ಹೋಗಬೇಕಲ್ಲವೆ? ಸ್ಕೈರಿಮ್ ಆಡುವವರು ನೆಚ್ಚುವ ‘ಮಾಡ್ ಆರ್ಗನೈಸರ್ 2’ ಎಂಬುದನ್ನು ಆ ಹುಡುಗ ಪ್ರೋಟಾನಿನ ಒಳಗೇ ಕೂರಿಸಿದ್ದಾನೆ. ಜಾಲತಾಣದಲ್ಲಿ ‘ಮ್ಯಾನೇಜರಿಗೆ ಕಳುಹಿಸು’ ಎಂಬ ಗುಂಡಿ ಒತ್ತಿದಾಗ ಬರುವ ಟಪಾಲನ್ನು ಯಾರ ಕೈಗೆ ಕೊಡಬೇಕೆಂದು ಲಿನಕ್ಸಿಗೆ ಬೇರೆಯಾಗಿ ಬರೆದು ತಿಳಿಸಬೇಕಾಯಿತಂತೆ.

ಇನ್ನೊಂದು ತೊಡಕು ಕನ್ನಡಿಗರಿಗೆ ನಗು ತರಿಸುವಂಥದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ. ಇಂಗ್ಲಿಷಿನಲ್ಲಿ ಉಂಟು. ಒಂದೇ ಹೆಸರನ್ನು ದೊಡ್ಡಕ್ಷರದಿಂದ ಆರಂಭಿಸಿದರೂ ಚಿಕ್ಕಕ್ಷರದಿಂದ ಆರಂಭಿಸಿದರೂ ವಿಂಡೋಸು ಒಂದೇ ಎಂದು ತಿಳಿಯುತ್ತದೆ. ಲಿನಕ್ಸು ಎರಡು ಬೇರೆ ಆಸಾಮಿಗಳೆಂದು ಹಟ ಹಿಡಿಯುತ್ತದೆ. ವಿಂಡೋಸಿನಲ್ಲಿ ಕೂತು ಮಾಡ್ ಕಟ್ಟಿದವನು ಮನಸ್ಸಿಗೆ ಬಂದಂತೆ ಹೆಸರು ಬರೆದಿದ್ದರೆ ಲಿನಕ್ಸಿನಲ್ಲಿ ಅದರ ಚಿತ್ರಗಳು ಕಾಣದೆ ಹೋಗಬಹುದು. ಆಧಾರ್ ಕಾರ್ಡಿನಲ್ಲಿ ‘ನಾಗರಾಜ’, ಸೇವಾ ಪುಸ್ತಕದಲ್ಲಿ ‘ನಾಗರಾಜು’ ಎಂದಿದ್ದುದರಿಂದ ತಿಂಗಳುಗಟ್ಟಲೆ ಅಲೆದವರನ್ನು ನಾನು ಬಲ್ಲೆ. ಲಿನಕ್ಸು ಖಂಡಿತವಾಗಿಯೂ ಸರ್ಕಾರಿ ನೌಕರಿ ಮಾಡಿ ಬಂದದ್ದೇ ಇರಬೇಕೆಂದು ನನ್ನ ಗುಮಾನಿ.

ಇಷ್ಟಾಯಿತು ಗುಮಾಸ್ತನ ಭಾಗ. ಇನ್ನು ಖಜಾನೆಯ ಭಾಗ.

ಮಾಡ್‌ಗಳನ್ನು ಇಟ್ಟಿರುವ ಉಗ್ರಾಣಗಳಲ್ಲಿ ದೊಡ್ಡದು ‘ನೆಕ್ಸಸ್ ಮಾಡ್ಸ್’. 2001ರಲ್ಲಿ ಬ್ರಿಟನ್ನಿನ ತರುಣನೊಬ್ಬ ಹವ್ಯಾಸಕ್ಕಾಗಿ ತೆರೆದ ಪುಟ ಬೆಳೆದು ಈ ಉಗ್ರಾಣವಾಯಿತು. 2025ರಲ್ಲಿ ಆತ ಅದನ್ನು ಬೇರೆಯವರ ಕೈಗೆ ಒಪ್ಪಿಸಿದ. ಅಲ್ಲಿ ಮಾಡ್‌ಗಳನ್ನು ಇಳಿಸಿಕೊಳ್ಳಲು ಹಣ ಕೊಡಬೇಕಾದ್ದಿಲ್ಲ. ಆದರೆ ಒಂದು ಏರ್ಪಾಡು ಉಂಟು. ತಿಂಗಳ ಚಂದಾ ಕೊಟ್ಟ ಸದಸ್ಯನಿಗೆ ಕಡತಗಳು ವೇಗವಾಗಿ ಇಳಿಯುತ್ತವೆ; ಅವನ ಪರವಾಗಿ ಮ್ಯಾನೇಜರೇ ಉಗ್ರಾಣಕ್ಕೆ ಹೋಗಿ ಬೇಕಾದ್ದನ್ನೆಲ್ಲ ಒಟ್ಟಿಗೆ ತಂದುಬಿಡುತ್ತದೆ. ಕೊಡದವನಿಗೆ ವೇಗಕ್ಕೆ ಮಿತಿ. ಒಂದೊಂದು ಮಾಡಿಗೂ ಅದರ ಪುಟಕ್ಕೆ ತಾನೇ ಹೋಗಿ, ಗುಂಡಿ ಒತ್ತಿ, ಕೆಲವು ಕ್ಷಣ ಕಾದು ಪಡೆಯಬೇಕು. ಸ್ಟಾರ್‌ಡ್ರಾಪಿಗೂ ಈ ನಿಯಮವೇ. ಒಂದೆರಡು ಮಾಡಿಗೆ ಇದು ಲೆಕ್ಕಕ್ಕಿಲ್ಲ. ನನ್ನ ಮಗನ ಪಟ್ಟಿಯಲ್ಲಿ ಮೂವತ್ತೆಂಟು ಇದ್ದವು. ಚಂದಾ ನಮ್ಮ ಹಣದಲ್ಲಿ ತಿಂಗಳಿಗೆ ಕೆಲವು ನೂರು ರೂಪಾಯಿ; ಸುಮಾರಾಗಿ ನಮ್ಮ ಮನೆಯ ಒಂದು ವಾರದ ಹಾಲಿನ ಬಾಬತ್ತು.

ಅದನ್ನು ಕೇಳುವುದಕ್ಕೆ ಅವನು ಊಟದ ಹೊತ್ತನ್ನು ಆರಿಸಿಕೊಂಡ. ನಾನು ವಿವರ ಕೇಳಿದೆ. ಅವನು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಏನೋ ಹೊಳೆದು, ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, “ಅಪ್ಪಾ, ದುಡ್ಡು ಕೊಟ್ಟರೆ ಫೈಲು ಬೇಗ ಬರುತ್ತೆ, ಕೊಡದಿದ್ದರೆ ನಿಧಾನ. ಹಾಗಾದ್ರೆ ಇದು ಲಂಚಾನಾ?” ಎಂದ.

ಈ ಪ್ರಶ್ನೆಯ ಹಿಂದೆ ನಮ್ಮ ಮನೆಯ ಇತಿಹಾಸವಿದೆ. ಸಾರ್ವಜನಿಕರ ಅರ್ಜಿಗಳು ಬರುವ ಮೇಜು ನನ್ನದು. ಫೈಲಿನ ಮೇಲೆ ‘ತೂಕ’ ಇಟ್ಟರೆ ಅದು ಹಾರಿಹೋಗದೆ ಮುಂದಕ್ಕೆ ನಡೆಯುತ್ತದೆ ಎಂಬುದು ಈ ಊರಿನ ನುಡಿಗಟ್ಟು. ನನ್ನ ಮೇಜಿನ ಮೇಲೆ ತೂಕ ಇಡಲು ಬಂದವರು ಹೊರಟುಹೋದದ್ದನ್ನೂ, ಅದರಿಂದಾಗಿ ನನ್ನನ್ನು ಬೇರೆ ಶಾಖೆಗೆ ಎರಡು ಸಲ ವರ್ಗಾಯಿಸಿದ್ದನ್ನೂ ಮನೆಯಲ್ಲಿ ಎಲ್ಲರೂ ಬಲ್ಲರು. ನಮ್ಮಲ್ಲಿ ಹೊಸ ಲ್ಯಾಪ್‌ಟಾಪು ಇಲ್ಲದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಲಾರೆ. ಹುಡುಗನಿಗೆ ಇದನ್ನು ಒಂದು ನೀತಿಯಾಗಿ ಕಲಿಸಿದ್ದೇನೆ. ಆದ್ದರಿಂದ ಅವನ ಪ್ರಶ್ನೆಗೆ ‘ಸುಮ್ಮನೆ ಊಟ ಮಾಡು’ ಎಂದು ಹೇಳುವಂತಿರಲಿಲ್ಲ. ಮನೆಯಾಕೆ ನನ್ನ ಮುಖ ನೋಡಿ ನಕ್ಕಳು. ಮಜ್ಜಿಗೆ ಬಡಿಸಿದಳೇ ಹೊರತು ಸಹಾಯಕ್ಕೆ ಬರಲಿಲ್ಲ.

ನಾನು ಯೋಚಿಸಿ ಹೇಳಿದ್ದು ಇಷ್ಟು. ವೇಗಕ್ಕೆ ಹಣ ಕೊಟ್ಟದ್ದೆಲ್ಲ ಲಂಚವಲ್ಲ. ರೈಲಿನಲ್ಲಿ ತತ್ಕಾಲ್ ಟಿಕೆಟು ಉಂಟು. ಪಾಸ್‌ಪೋರ್ಟಿಗೂ ತತ್ಕಾಲ್ ಉಂಟು. ಅದರ ದರವನ್ನು ಎಲ್ಲರಿಗೂ ಕಾಣುವಂತೆ ಹಾಕಿರುತ್ತಾರೆ, ರಸೀದಿ ಕೊಡುತ್ತಾರೆ, ಹಣ ಬೊಕ್ಕಸಕ್ಕೆ ಹೋಗುತ್ತದೆ. ನನ್ನ ಮೇಜಿನ ಕೆಲಸಕ್ಕೆ ನನಗೆ ಆಗಲೇ ಸಂಬಳ ಸಂದಿದೆ. ಅದೇ ಕೆಲಸಕ್ಕೆ ಇನ್ನೊಮ್ಮೆ ಗುಟ್ಟಾಗಿ ಕೈಯೊಡ್ಡಿದರೆ ಅದು ಲಂಚ. ಆ ಉಗ್ರಾಣದವರಿಗೆ ಯಾವ ಸರ್ಕಾರವೂ ಸಂಬಳ ಕೊಡುತ್ತಿಲ್ಲ. ಲಕ್ಷಗಟ್ಟಲೆ ಕಡತಗಳನ್ನು ಹಗಲಿರುಳೂ ಕಾದಿಟ್ಟು ಜಗತ್ತಿಗೆಲ್ಲ ಹಂಚಲು ಯಂತ್ರ ಬೇಕು, ವಿದ್ಯುತ್ತು ಬೇಕು, ಆಳು ಬೇಕು. ಜಾಹೀರಾತು ಮತ್ತು ಚಂದಾ, ಇವೆರಡರಿಂದ ಅವರು ಅದನ್ನು ತೂಗಿಸುತ್ತಾರೆ. ಇದು ಬಾಡಿಗೆ, ಲಂಚವಲ್ಲ.

“ಹಾಗಾದ್ರೆ ಮಾಡ್ ಮಾಡಿದವರಿಗೆ?” ಎಂದ ಹುಡುಗ.

ಇದು ಮೊದಲನೆಯದಕ್ಕಿಂತ ಕಷ್ಟದ ಪ್ರಶ್ನೆ. ಬಾಡಿಗೆ ಸಂದಿತು ಉಗ್ರಾಣಕ್ಕೆ. ಧಾನ್ಯ ಬೆಳೆದವನಿಗೆ ಏನು?

ಈ ಪ್ರಶ್ನೆಯನ್ನು ಬಗೆಹರಿಸಲು ಒಮ್ಮೆ ದೊಡ್ಡ ಪ್ರಯತ್ನವೇ ನಡೆದಿತ್ತು. 2015ರ ಏಪ್ರಿಲ್ 23ರಂದು ವಾಲ್ವ್ ಸಂಸ್ಥೆಯೂ ಸ್ಕೈರಿಮ್ ಆಟದ ಬೆಥೆಸ್ಡಾ ಸಂಸ್ಥೆಯೂ ಕೂಡಿ, ಇನ್ನು ಮೇಲೆ ಮಾಡ್‌ಗಳಿಗೆ ಬೆಲೆ ಇಟ್ಟು ಮಾರಬಹುದೆಂದು ಸಾರಿದವು. ಮಾಡಿದವನಿಗೆ ನೂರಕ್ಕೆ 25. ಉಳಿದ 75 ಆ ಎರಡು ಸಂಸ್ಥೆಗಳಿಗೆ. ಕೇಳಿದವರು ಸಿಡಿದೆದ್ದರು. ಈ ವರೆಗೆ ಸುಮ್ಮನೆ ಸಿಗುತ್ತಿದ್ದುದಕ್ಕೆ ಹಣ ಕೊಡಬೇಕೇ ಎಂದವರು ಕೆಲವರು. ಕೊಟ್ಟ ಹಣದ ಕಾಲುಭಾಗ ಮಾತ್ರ ದುಡಿದವನಿಗೆ ಸೇರುವುದು ಯಾವ ನ್ಯಾಯ ಎಂದವರು ಕೆಲವರು. ವಿರೋಧದ ಮನವಿಗೆ ಲಕ್ಷಕ್ಕೂ ಮಿಕ್ಕು ಜನ ಸಹಿ ಹಾಕಿದರು. ಇದರ ಮಧ್ಯೆ ಇನ್ನೊಂದು ಸಂಗತಿ ನಡೆಯಿತು. ಮಾರಾಟಕ್ಕಿಟ್ಟ ಮಾಡ್‌ಗಳಲ್ಲಿ ಒಂದು ಮೀನು ಹಿಡಿಯುವುದರದು. ಅದರಲ್ಲಿ ಬೇರೊಬ್ಬ ಹವ್ಯಾಸಿ ಸುಮ್ಮನೆ ಹಂಚಿದ್ದ ಕೆಲಸದ ಅಂಶವಿತ್ತು. ಅವನ ಆಕ್ಷೇಪ ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆಯಬೇಕಾಯಿತು. ಸುಮ್ಮನೆ ಹಂಚಿಕೊಳ್ಳುವವರೆಗೆ ಯಾರ ಬಟ್ಟಲಿನಲ್ಲಿ ಯಾರ ಸಕ್ಕರೆ ಎಂದು ಯಾರೂ ಕೇಳಿರಲಿಲ್ಲ. ಬೆಲೆಯ ಚೀಟಿ ಅಂಟಿಸಿದ ದಿನವೇ ಪಾಲುಪಟ್ಟಿಯ ಪ್ರಶ್ನೆ ಎದ್ದಿತು. ಏಪ್ರಿಲ್ 27ರಂದು ಯೋಜನೆಯನ್ನೇ ಕೈಬಿಟ್ಟು ಕೊಂಡವರಿಗೆ ಹಣ ಹಿಂದಿರುಗಿಸಿದರು. ಮುಂದೆ 2017ರಲ್ಲಿಯೂ 2023ರ ಡಿಸೆಂಬರಿನಲ್ಲಿಯೂ ಬೆಥೆಸ್ಡಾದವರು ಬೇರೆ ರೂಪದಲ್ಲಿ, ತಾವು ಆರಿಸಿ ಒಪ್ಪಿದ ಮಾಡುಗಾರರ ಕೃತಿಗಳನ್ನು ಮಾರುವ ಪದ್ಧತಿ ತಂದರು. ನೆಕ್ಸಸ್‌ನವರು 2018ರಿಂದ ಒಂದು ನಿಧಿಯಿಟ್ಟು, ಎಷ್ಟು ಜನ ಇಳಿಸಿಕೊಂಡರೆಂಬ ಲೆಕ್ಕದ ಮೇಲೆ ಒಪ್ಪಿದ ಮಾಡುಗಾರರಿಗೆ ಅಂಕಗಳ ರೂಪದಲ್ಲಿ ಹಂಚುತ್ತ ಬಂದರು. ಬೆಟ್ಟದಂಥ ಪ್ರಶ್ನೆಗೆ ಇವು ಮೆಟ್ಟಿಲುಗಳು.

ದೂರದ ಮಾತೇಕೆ? ಈಗ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯನ್ನೇ ನೋಡಿ. ಇದಕ್ಕೆ ಲೇಖನ ಬರೆದವರಿಗೆ ಸಂಭಾವನೆಯಿಲ್ಲ. ಸಂಪಾದಕರಿಗೆ ಸಂಬಳವಿಲ್ಲ. ಆದರೆ ಮುದ್ರಣಾಲಯದವರಿಗೆ ಹಣ ಕೊಡುತ್ತೇವೆ, ಕಾಗದಕ್ಕೆ ಕೊಡುತ್ತೇವೆ, ಅಂಚೆಗೆ ಕೊಡುತ್ತೇವೆ; ಒಂದು ದಿನ ತಡವಾದರೂ ಅವರು ಬಿಡುವುದಿಲ್ಲ. ನಡುವೆ ನಿಂತವರಿಗೆಲ್ಲ ಸಲ್ಲುತ್ತದೆ, ಮಾಡಿದವರಿಗೆ ಸಲ್ಲುವುದಿಲ್ಲ. ಇದರಿಂದ ನಾವಾರೂ ನೊಂದಿಲ್ಲ. ಹಣಕ್ಕಾಗಿ ಬರೆಯುವಂತಿದ್ದರೆ ಇಷ್ಟು ಉದ್ದ ಬರೆಯುತ್ತಿದ್ದೆನೋ ಇಲ್ಲವೋ! ಆದರೆ ಒಂದು ಮಾತು: ಲೇಖನ ಬಂದ ಮೇಲೆ ಸಂಘದ ಸಭೆಯಲ್ಲಿ ಯಾರಾದರೂ ಬಳಿಗೆ ಬಂದು, “ಓದಿದೆ ರಾಯರೇ, ಆ ಎರಡನೆಯ ಪುಟದ್ದು ಸರಿಯಲ್ಲ” ಎಂದು ಜಗಳವಾಡಿದರೂ ಸಾಕು, ಮೂರು ತಿಂಗಳ ಉತ್ಸಾಹಕ್ಕೆ ಅದೇ ಎಣ್ಣೆ. ಒಬ್ಬರೂ ಏನೂ ಹೇಳದಿದ್ದರೆ ಮುಂದಿನ ಸಲ ಲೇಖನಿ ಏಳುವುದಿಲ್ಲ. ಎಷ್ಟೋ ಒಳ್ಳೆಯ ಬರಹಗಾರರು ನಮ್ಮ ಸಂಘದಲ್ಲಿ ಹೀಗೆ ಸದ್ದಿಲ್ಲದೆ ನಿಂತುಹೋದದ್ದನ್ನು ನೀವೂ ಕಂಡಿರುವಿರಿ.

ಮೂವತ್ತೆಂಟು ಮಾಡ್‌ಗಳನ್ನು ಕೊನೆಗೆ ನಾವು ಚಂದಾ ಇಲ್ಲದೆ, ಒಂದೊಂದಾಗಿಯೇ ಇಳಿಸಿಕೊಂಡೆವು. ನಾನೂ ಮಗನೂ ಎರಡು ಸಂಜೆ ಜೊತೆಯಾಗಿ ಕುಳಿತೆವು. ಪ್ರತಿಯೊಂದಕ್ಕೂ ಅದರ ಪುಟಕ್ಕೆ ಹೋಗಬೇಕು. ಗುಂಡಿ ಒತ್ತಿ ಕಾಯುವಾಗ ಕಣ್ಣು ಸುಮ್ಮನಿರುತ್ತದೆಯೇ? ಎದುರಿಗಿದ್ದುದನ್ನು ಓದಿದೆವು. ಒಬ್ಬಾಕೆ ತನ್ನ ಮಗು ಮಲಗಿದ ಮೇಲೆ ರಾತ್ರಿ ಚಿತ್ರ ಬರೆದು ಮಾಡಿದ್ದೆಂದು ಹೇಳಿಕೊಂಡಿದ್ದಳು. ಇನ್ನೊಬ್ಬ ತನಗೆ ನೆರವಾದ ಹನ್ನೆರಡು ಮಂದಿಯನ್ನು ಸಾಲಾಗಿ ನೆನೆದಿದ್ದ. ಮತ್ತೊಬ್ಬ ಕೆಲಸ ಸಿಕ್ಕಿತೆಂದೂ ಇನ್ನು ಪುರಸತ್ತಿಲ್ಲವೆಂದೂ ತಿಳಿಸಿ, ಬೇಕಾದವರು ಮುಂದುವರಿಸಬಹುದೆಂದು ತನ್ನ ಕೆಲಸವನ್ನು ಬಿಟ್ಟುಕೊಟ್ಟಿದ್ದ. ಅದರ ಕೆಳಗೆ ಓದುಗರ ಮಾತುಗಳಿದ್ದವು: ‘ಕೆಲಸ ಮಾಡುತ್ತಿಲ್ಲ’, ‘ಯಾವಾಗ ಸರಿಮಾಡುತ್ತೀರಿ’, ‘ಇನ್ನೂ ಏಕೆ ಸರಿಮಾಡಿಲ್ಲ’. ನನ್ನ ಮೇಜಿನ ಮುಂದಿನ ಸಾಲೇ ಅಲ್ಲಿ ಬಂದು ನಿಂತಂತಿತ್ತು. ಸಂಬಳವೊಂದು ಮಾತ್ರ ಇರಲಿಲ್ಲ. ಮ್ಯಾನೇಜರು ಎಲ್ಲವನ್ನೂ ಒಂದೇ ಏಟಿಗೆ ತಂದುಕೊಟ್ಟಿದ್ದರೆ ಇವರಾರನ್ನೂ ನಾವು ಕಾಣುತ್ತಿರಲಿಲ್ಲ.

ಚಂದಾ ಕೊಡುವವರನ್ನು ನಾನು ಹಗುರಾಗಿ ಕಾಣುವವನಲ್ಲ. ಮೇಲಿನ ಮನೆಯ ಹುಡುಗನಂತೆ ನೂರಾರು ಮಾಡ್‌ಗಳ ಸಂಪುಟವನ್ನೇ ಹೂಡಬೇಕಾದವರಿಗೆ ಒಂದು ತಿಂಗಳ ಚಂದಾ ನ್ಯಾಯವಾದ ವೆಚ್ಚ; ಉಗ್ರಾಣವೂ ಬದುಕಬೇಕಷ್ಟೆ. ನಮ್ಮ ಮಟ್ಟಿಗೆ ಮನೆಯಾಕೆ ತೀರ್ಪು ಕೊಟ್ಟಳು: ಆ ಒಂದು ತಿಂಗಳ ಮೊತ್ತವನ್ನು ಹುಡುಗ ಅತಿ ಹೆಚ್ಚು ಬಳಸುವ ಮಾಡಿನ ಕರ್ತೃವಿಗೇ ಕಳುಹಿಸುವುದು, ಅರ್ಧ ಅವನ ಹುಂಡಿಯಿಂದ, ಅರ್ಧ ನನ್ನ ಜೇಬಿನಿಂದ. ಕಳುಹಿಸಲು ಹೋದರೆ ನಮ್ಮ ಕಾರ್ಡು ಹೊರದೇಶದ ವ್ಯವಹಾರಕ್ಕೆ ಒಪ್ಪಲಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಆ ಬಾಗಿಲನ್ನು ಮೊದಲು ತೆರೆದು, ಮಿತಿ ಹಾಕಿ, ಹಣ ಹೋದ ಮೇಲೆ ಮತ್ತೆ ಮುಚ್ಚಿದೆವು. ಹಣದ ಜೊತೆಗೆ ಮಗ ನಾಲ್ಕು ಸಾಲು ಬರೆದ. ಮೂರನೆಯ ದಿನ ಉತ್ತರ ಬಂದಿತು. ಹಣದ ಮಾತು ಅದರಲ್ಲಿ ಒಂದೇ ಸಾಲು. ಉಳಿದುದೆಲ್ಲ, ಯಾವ ಭಾಗ ಮೆಚ್ಚಿಕೆಯಾಯಿತು, ಲಿನಕ್ಸಿನಲ್ಲಿ ಚಿತ್ರಗಳು ಸರಿಯಾಗಿ ಕಂಡವೇ, ಎಂಬ ವಿಚಾರಣೆ. ಚಿತ್ರ ಕಾಣದಿದ್ದ ಒಂದು ಕಡೆಯನ್ನು ಹುಡುಗ ತಿಳಿಸಿದ. ಅದೇ ದೊಡ್ಡಕ್ಷರ ಚಿಕ್ಕಕ್ಷರದ ಜಗಳ. ಮುಂದಿನ ಆವೃತ್ತಿಯಲ್ಲಿ ಅದು ಸರಿಹೋಯಿತು.

ನಮ್ಮ ಭಾಷೆಯಲ್ಲಿ ಹಣ ಕೊಡದೆ ದೊರೆಯುವುದಕ್ಕೆ ಎರಡು ಪದಗಳುಂಟು. ಒಂದು ‘ಬಿಟ್ಟಿ’. ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ಚಾಕರಿಗೆ ಹಿಂದೆ ಆ ಹೆಸರು. ಇನ್ನೊಂದು ‘ಉಚಿತ’. ಅದಕ್ಕೆ ‘ತಕ್ಕದ್ದು’ ಎಂಬ ಅರ್ಥವೂ ಉಂಟು. ಮಾಡಿದವನು ಉಚಿತವೆಂದು ಕೊಟ್ಟದ್ದನ್ನು ಆಡುವವನು ಬಿಟ್ಟಿಯೆಂದು ತೆಗೆದುಕೊಂಡರೆ ಪದವೇ ಕೆಡುತ್ತದೆ. ಕೊಡಬೇಕಾದ್ದು ಯಾವಾಗಲೂ ರೂಪಾಯಿಯೇ ಆಗಬೇಕೆಂದಿಲ್ಲ. ನಾಲ್ಕು ಸಾಲಾದರೂ ಆದೀತು, ಸರಿಯಾಗಿ ತಿಳಿಸಿದ ಒಂದು ದೋಷವಾದರೂ ಆದೀತು. ಏನನ್ನೂ ಕೊಡದೆ ಅವಸರಪಡಿಸುವುದಂತೂ ಉಚಿತವಲ್ಲ.

ಇದಾದ ಮೇಲೆ ಒಂದು ದಿನ ಮಗ, “ಅಪ್ಪಾ, ಆಟದಲ್ಲಿ ರಾಗಿ ಇಲ್ಲ, ನಾನೇ ಹಾಕಲಾ?” ಎಂದ. ರಾಗಿ ತೆನೆ ಹೇಗಿರುತ್ತದೆಂದು ಅವನು ಕಂಡವನಲ್ಲ. ಅರ್ಧ ಮಡಿಸಿದ ಕೈಬೆರಳುಗಳ ಹಾಗೆ ಎಂದು ನನ್ನ ಕೈಯನ್ನೇ ತೋರಿಸಿದೆ. ಆಟದಲ್ಲಿ ವಸ್ತುವಿನ ಚಿತ್ರ ಹದಿನಾರು ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರದ ಚೌಕದಲ್ಲಿ ಅಡಗಬೇಕು. ಚುಕ್ಕೆಯ ಲೆಕ್ಕವೆಂದ ಕೂಡಲೆ ರಂಗೋಲಿಯ ಪರಿಣತೆಯಾದ ಅವನ ತಾಯಿ ಒಲೆ ಆರಿಸಿ ಬಂದು ಕುಳಿತಳು. ಲೆಕ್ಕದ ಭಾಗಕ್ಕೆ ಬೆಂಗಳೂರಿನ ಮಾಮ ಫೋನಿನಲ್ಲಿ ನೆರವಾದ. ಆಟದಲ್ಲಿ ಒಂದೊಂದು ಋತುವಿಗೆ 28 ದಿನ. ಬೇಸಿಗೆಯಲ್ಲಿ ಬಿತ್ತಿ ಶರತ್ಕಾಲದಲ್ಲಿ ಕೊಯ್ಯುವಂತೆ ರಾಗಿಯನ್ನು ಗೊತ್ತುಮಾಡಿದ. ಸಿದ್ಧವಾದ ಮೇಲೆ ಅದನ್ನು ಕಾಲನಿಯ ಇಬ್ಬರು ಗೆಳೆಯರಿಗೂ ಹೈದರಾಬಾದಿನಲ್ಲಿರುವ ನನ್ನ ಅಣ್ಣನ ಮಗಳಿಗೂ ಕಳುಹಿಸಿದ.

ಗೆಳೆಯರಲ್ಲಿ ಒಬ್ಬ, ಬೆಳೆ ಬಹಳ ನಿಧಾನವೆಂದೂ ಲಾಭವಿಲ್ಲವೆಂದೂ ಹಿಂದಿಯಲ್ಲಿ ದೂರು ಕೊಟ್ಟ. ಇನ್ನೊಬ್ಬ ಏನೂ ಹೇಳಲಿಲ್ಲ. ಹುಡುಗ ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಹೈದರಾಬಾದಿನಿಂದ ಒಂದು ಸಾಲು ಬಂದಿತು, ಕನ್ನಡವನ್ನು ತಡವರಿಸಿ ಬರೆಯುವ ಹುಡುಗಿ ಕನ್ನಡದಲ್ಲೇ ಬರೆದಿದ್ದಳು: “ರಾಗಿ ಚೆನ್ನಾಗಿ ಬಂತು. ಮುದ್ದೆ ಯಾವಾಗ?”

ಈಗ ನಮ್ಮ ಮನೆಯಲ್ಲಿ ಮುದ್ದೆಯ ಕೆಲಸ ನಡೆದಿದೆ.